'ನಿಲ್ಲಿಸಿ' ಎನ್ನುವ ಅಧಿಕಾರ

ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳದ ಬಳಿಯ ಸಾಣೂರಿಗೆ ಸುಮಾರು 45 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 169ರ ಈ ಭಾಗವನ್ನು ಚತುಷ್ಪಥಗೊಳಿಸಲು ಹಲವೆಡೆ ಗುಡ್ಡ ಕಡಿಯಬೇಕಾಯಿತು. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಸಾಮಾನ್ಯವಾಗಿ ಮೇಲೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ಶೇಡಿ ಮಣ್ಣು. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ನಿಲ್ಲುವ ಶೇಡಿ, ಮಳೆನೀರು ಕುಡಿದರೆ ಕಸುವು ಕಳೆದುಕೊಂಡು ಜಾರುತ್ತದೆ. ಎಂಜಿನಿಯರು ಅಲ್ಲಲ್ಲಿ ಕೊರೆದು ತೆಗೆದ ಮಣ್ಣಿನ ಮಾದರಿ ನೋಡಿ ಇಳಿಜಾರಿನ ಲೆಕ್ಕ ಹಾಕುತ್ತಾರೆ. ಎರಡು ಮಾದರಿಗಳ ನಡುವೆ ಏನಿದೆ ಎಂಬುದು ಗುಡ್ಡ ಕಡಿದಾಗಲೇ ತಿಳಿಯುವುದು. ಕಡಿದ ಮೈಯಲ್ಲಿ ನಿನ್ನೆ ಇಲ್ಲದ ಒಸರು, ತಿಳಿಯಾಗಿದ್ದ ನೀರು ಕದಡುವುದು, ನೆತ್ತಿಯಲ್ಲಿ ಬಿರುಕು ಇವೆಲ್ಲ ಮೊದಲು ಕಾಣುವುದು ಹಿಟಾಚಿಯ ಚಾಲಕನಿಗೆ, ಬುಡದಲ್ಲಿ ಚರಂಡಿ ತೋಡುವವನಿಗೆ. ಆತ ಹೇಳಿದರೆ ಕೆಲಸ ನಿಲ್ಲುತ್ತದೆಯೇ? ಸುರಕ್ಷತೆಯಲ್ಲಿ ಕಾರ್ಮಿಕರು ಎಷ್ಟು ಪಾಲ್ಗೊಂಡಿದ್ದಾರೆ ಎಂಬುದನ್ನು ಈ ಒಂದು ಪ್ರಶ್ನೆಯಿಂದಲೇ ಅಳೆಯಬೇಕು. ಪ್ರತಿ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನದ ಬ್ಯಾನರಿನ ಮುಂದೆ ಕೈ ಚಾಚಿಸಿ ಪ್ರತಿಜ್ಞೆ ಮಾಡಿಸುವುದಕ್ಕೆ ನನ್ನ ತಕರಾರಿಲ್ಲ. ಅದನ್ನೇ ಪಾಲ್ಗೊಳ್ಳುವಿಕೆ ಎಂದು ವರದಿ ಬರೆಯುವುದಕ್ಕೆ ಇದೆ.

ಪ್ರತಿಜ್ಞೆ, ಫಲಕಗಳಷ್ಟೇ ಸಾಲವು ಎಂಬುದಕ್ಕೆ ಗುಡ್ಡದಾಚೆಯ ಒಂದು ಉದಾಹರಣೆ. 2022ರ ಏಪ್ರಿಲ್ 17ರ ಸಂಜೆ ಮಂಗಳೂರು ಬಳಿಯ ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಪಶ್ಚಿಮ ಬಂಗಾಳದ ಐವರು ಸತ್ತರು. ಮೀನಿನ ತ್ಯಾಜ್ಯ ಗಾಳಿಯಿಲ್ಲದೆಡೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಅದಕ್ಕೆ ಕೊಳೆತ ಮೊಟ್ಟೆಯ ನಾತ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 100 ಭಾಗ ದಾಟಿದರೆ ಮೂಗಿನ ಗ್ರಹಣಶಕ್ತಿಯೇ ಮರಗಟ್ಟುತ್ತದೆ, ನಾತ ಹೋಯಿತೆಂದು ಮನುಷ್ಯ ಧೈರ್ಯಗೊಳ್ಳುತ್ತಾನೆ. ಇನ್ನೂ ಹೆಚ್ಚಿದರೆ ಕೆಲವೇ ಉಸಿರಿನಲ್ಲಿ ಕುಸಿಯುತ್ತಾನೆ. ಇಂಥ ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಗೋಡೆಯ ಮೇಲೊಂದು ಸೂಚನಾ ಫಲಕ ಈ ಸರಪಳಿಯನ್ನು ಕಡಿಯಲಾರದು, ಅದು ಬಂಗಾಳಿಯಲ್ಲಿದ್ದರೂ. ಟ್ಯಾಂಕಿನೊಳಗೆ ಕಾಲು ಜಾರುವುದೆಲ್ಲಿ, ಯಾವ ದಿನ ತ್ಯಾಜ್ಯ ಹೆಚ್ಚು ಹೊತ್ತು ನಿಂತಿರುತ್ತದೆ, ಹಗ್ಗ ಎಲ್ಲಿ ಕಟ್ಟಬಹುದು ಎಂಬುದು ಅದನ್ನು ತೊಳೆಯುವವರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ನಿಯಮ ಬರೆದರೆ, ಅವರ ಕೈಯಲ್ಲೇ ಅನಿಲಮಾಪಕ ಕೊಟ್ಟು, ಏನೇ ಆದರೂ ಒಳಗಿಳಿಯದೆ ಹೊರಗಿನಿಂದಲೇ ಎಳೆಯುವ ಅಭ್ಯಾಸ ಮಾಡಿಸಿದರೆ, ಆ ಗಳಿಗೆಯ ಆವೇಗಕ್ಕೆ ಒಂದು ತಡೆ ಇರುತ್ತದೆ.

ಕೂಲಿಯವರಿಗೆ ಅನಿಲದ ರಸಾಯನಶಾಸ್ತ್ರವೇನು ಗೊತ್ತು ಎಂಬ ಆಕ್ಷೇಪವಿದೆ. ಕೊರತೆ ತಿಳಿವಳಿಕೆಯದೇ ಆಗಿದ್ದರೆ 2010ರ ಮೇ 22ರಂದು ಅದೇ ಬಜ್ಪೆಯಲ್ಲಿ ವಿಮಾನ ಕಂದಕಕ್ಕೆ ಉರುಳಿ 158 ಜನ ಸಾಯಬೇಕಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಪದೇ ಪದೇ ಹೇಳಿದ್ದು ಧ್ವನಿಮುದ್ರಣದಲ್ಲಿ ದಾಖಲಾಗಿದೆ. ಹೇಳಿದಾತ ತರಬೇತಿ ಪಡೆದ ಪೈಲಟ್ಟೇ, ಸ್ಥಾನ ಮಾತ್ರ ಒಂದು ಮೆಟ್ಟಿಲು ಕೆಳಗೆ. ಎಲ್ಲರೂ ಬಾಯಿಬಿಟ್ಟರೆ ದೂರು ಬೆಳೆದು ಕೆಲಸ ಕೆಡುತ್ತದೆ ಎನ್ನುವವರೂ ಇದ್ದಾರೆ. ದೂರು ಬೆಳೆಯುವುದು ನಿಜ. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳ ಕುರಿತು ಸಂಶೋಧಕಿ ಆಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು; ಅಲ್ಲಿ ದಾದಿಯರು ಮುಚ್ಚಿಡುತ್ತಿರಲಿಲ್ಲ ಎಂಬುದು ಆಕೆಯ ವಿವರಣೆ. ಹಾಗಾಗಿ ವರ್ಷವಿಡೀ ಖಾಲಿ ಬಿದ್ದ ದೂರಿನ ಪುಸ್ತಕವನ್ನು ಕಂಡರೆ ನನಗೆ ಅನುಮಾನವೇ. 1995ರ ಬ್ರಿಟಿಷ್ ಅಧ್ಯಯನವೊಂದು, ಕಾರ್ಮಿಕ ಸಂಘವೇ ತನ್ನ ಪ್ರತಿನಿಧಿಗಳನ್ನು ನೇಮಿಸುವ ಜಂಟಿ ಸಮಿತಿಯಿರುವ ಕಾರ್ಖಾನೆಗಳಲ್ಲಿ, ಆಡಳಿತವೊಂದೇ ನಿರ್ಧರಿಸುವ ಕಡೆಗಿಂತ ಗಾಯಗಳು ಕಡಿಮೆ ಎಂದು ತೋರಿಸಿತು. ಚೆನ್ನಾಗಿ ನಡೆಯುವ ಕಾರ್ಖಾನೆಗಳೇ ಇಂಥ ಸಮಿತಿ ಒಪ್ಪಿಕೊಂಡಿರಬಹುದಲ್ಲ ಎಂದು ಕೇಳಿದರೆ, ಆ ಸಂದೇಹಕ್ಕೂ ಜಾಗವಿದೆ.

ಗಟ್ಟಿಯಾದ ಆಕ್ಷೇಪ ಬೇರೆಯೇ. ಗುತ್ತಿಗೆಯ ಕೆಳಗೆ ಉಪಗುತ್ತಿಗೆ ಇರುವಲ್ಲಿ, ನಾಳೆ ಬರಬೇಡ ಎಂದರೆ ಮುಗಿಯಿತು. ಮಾತಾಡುವ ಅಧಿಕಾರ ಕಾಗದದಲ್ಲಿದ್ದು ಏನು ಫಲ? ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆಯಾಗಕೂಡದು ಎಂದಿತು, ಆದರೆ 500 ಮಂದಿ ಇರುವಲ್ಲಿ ಮಾತ್ರ. ಸಣ್ಣ ಗುಂಪುಗಳಿಗೆ ಸಮಿತಿಗಿಂತ ಮುಖ್ಯ, ದುಡ್ಡಿನ ಏರ್ಪಾಡು. ಎಚ್ಚರಿಕೆ ಕೊಟ್ಟದ್ದರಿಂದ ಕೆಲಸ ನಿಂತ ಗಂಟೆಗಳಿಗೂ ಕೂಲಿ ಸಿಗಬೇಕು, ಉಪಗುತ್ತಿಗೆದಾರನಿಗೆ ಅಷ್ಟೇ ಅವಧಿ ದಂಡವಿಲ್ಲದೆ ವಿಸ್ತರಣೆಯಾಗಬೇಕು, ಎಚ್ಚರಿಕೆ ಸುಳ್ಳಾದರೂ ಸರಿ. ಟೆಂಡರಿನ ಷರತ್ತುಗಳಲ್ಲಿ ಇದನ್ನು ಸೇರಿಸುವುದು ಕಾಮಗಾರಿ ವಹಿಸುವ ಇಲಾಖೆಯ ಕೈಯಲ್ಲೇ ಇದೆ.