ಶೀರ್ಷಿಕೆಯೂ ಸಸಿಮಡಿಯೂ

ಪ್ರಾತಃಕಾಲದಲ್ಲಿ ಆವರಗೆರೆಯ ನಮ್ಮ ಜಗುಲಿಯ ಮೇಲೆ ನಾಲ್ಕಾರು ಮಂದಿ ಕಲೆತು ವೃತ್ತಪತ್ರಿಕೆಯನ್ನು ಓದುವ ವಾಡಿಕೆಯುಂಟು. ಹಿಂದೊಮ್ಮೆ ಬೇಸಗೆ ಬೆಳೆಯ ಕಾಲದಲ್ಲಿ, ಭದ್ರಾ ನಾಲೆಗೆ ನೀರು ಎಂಬ ದಪ್ಪಕ್ಷರದ ಶೀರ್ಷಿಕೆಯನ್ನು ನಾವು ಗಟ್ಟಿಯಾಗಿ ಓದಿದೆವು. ಕೇಳಿದ ನೆರೆಯ ರೈತರೊಬ್ಬರು ಅಂದೇ ಸಸಿಮಡಿ ಹದಮಾಡಿ ಬತ್ತ ಚೆಲ್ಲಿದರು. ನೀರು ಸರದಿಯ ಮೇರೆಗೆ, ನಿಂತ ಬೆಳೆಗೆ ಮಾತ್ರ ಎಂಬುದು ವಾರ್ತೆಯ ಕೊನೆಯ ಸಾಲಿನಲ್ಲಿತ್ತು. ಅದನ್ನು ನಾವು ಓದಿರಲಿಲ್ಲ. ನಾಲೆಯ ಕೊನೆಭಾಗದ ಆ ಗದ್ದೆಗೆ ನೀರು ಮುಟ್ಟಲಿಲ್ಲ. ಬೀಜವೂ ಕೂಲಿಯೂ ವ್ಯರ್ಥವಾದವು. ಪತ್ರಿಕೆಯು ಸುಳ್ಳಾಡಿರಲಿಲ್ಲ, ನಮ್ಮ ಓದು ಅರ್ಧವಾಗಿದ್ದಿತು.

ಓದುವುದಕ್ಕೂ ಒಂದು ಶಾಸ್ತ್ರವುಂಟು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಮಾತಿನ ವಾಚ್ಯಾರ್ಥಕ್ಕಿಂತ ಭಿನ್ನವಾಗಿ ಧ್ವನಿಸುವ ಅರ್ಥವೊಂದಿದೆಯೆಂದು ನಿರೂಪಿಸಿದನು. ಅವನು ಹೇಳಿದ್ದು ಕಾವ್ಯವನ್ನು ಕುರಿತು. ಆದರೂ ವಾರ್ತೆಗೆ ಅದು ಸಲ್ಲದಿರದು. ಆ ಶೀರ್ಷಿಕೆಯ ವಾಚ್ಯಾರ್ಥ, ನಾಲೆಯಲ್ಲಿ ನೀರು ಹರಿಯುವುದೆಂಬಷ್ಟೇ. ಧ್ವನಿಯೋ, ಕೊರತೆ ತೀರಿತೆಂಬುದು. ಯಾರಿಗೆ, ಎಷ್ಟು ದಿವಸ ಎಂಬ ಮಾತು ಅದರಲ್ಲಿಲ್ಲ.

ಅಕ್ಷರದ ಗಾತ್ರವೂ ಮಾತನಾಡುತ್ತದೆ. 1968ರ ಚುನಾವಣೆಯ ಕಾಲದಲ್ಲಿ ಮೆಕ್ಕೂಂಬ್ಸ್ ಮತ್ತು ಶಾ ಎಂಬ ಅಮೆರಿಕದ ಪಂಡಿತರು ಚಾಪೆಲ್ ಹಿಲ್ ಎಂಬ ಊರಿನ 100 ಮತದಾರರನ್ನು ವಿಚಾರಿಸಿದರು. ಪತ್ರಿಕೆ, ದೂರದರ್ಶನಗಳು ಒತ್ತಿ ಹೇಳಿದ ವಿಷಯಗಳನ್ನೇ ಜನರೂ ಮುಖ್ಯವೆಂದೆಣಿಸಿದ್ದರು. 1972ರಲ್ಲಿ ಪ್ರಕಟವಾದ ಈ ಶೋಧನೆಯ ಸಾರವಿಷ್ಟೆ: ಯಾವುದನ್ನು ಕುರಿತು ಚಿಂತಿಸಬೇಕೆಂಬುದನ್ನು ಪತ್ರಿಕೆಗಳು ಬಹುಮಟ್ಟಿಗೆ ಸೂಚಿಸುತ್ತವೆ. ನಮ್ಮಲ್ಲಿ ನೀರು ದಪ್ಪಕ್ಷರದಲ್ಲಿಯೂ ಸರದಿ ಸಣ್ಣಕ್ಷರದಲ್ಲಿಯೂ ಇದ್ದುದರ ಫಲವನ್ನು ಕಂಡೆವಷ್ಟೆ.

ಹಾಗೆಂದು ವಾಚಕನು ಕೈಕಟ್ಟಿ ಕುಳಿತವನಲ್ಲ. ಇಂಗ್ಲೆಂಡಿನಲ್ಲಿ ಸ್ಟುವರ್ಟ್ ಹಾಲ್ ಎಂಬ ವಿದ್ವಾಂಸರು 1973ರಲ್ಲಿ ಮೂರು ಬಗೆಯ ಗ್ರಹಣವನ್ನು ಹೇಳಿದರು: ಕೊಟ್ಟ ಅರ್ಥವನ್ನು ಪೂರ್ಣವಾಗಿ ಒಪ್ಪುವುದು, ತನ್ನ ಪರಿಸ್ಥಿತಿಗೆ ಹೊಂದಿಸಿ ಒಪ್ಪುವುದು, ಎದುರುನಿಂತು ಓದುವುದು. ನಮ್ಮ ರೈತರು ಮೊದಲನೆಯ ಬಗೆಯಲ್ಲಿ ಗ್ರಹಿಸಿದರು. ಎರಡನೆಯದು ಅವರ ಗದ್ದೆಗೆ ಒದಗುತ್ತಿದ್ದಿತು.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿದು. ವಾರ್ತೆಯಾಗಲಿ, ಜಾಹೀರಾತಾಗಲಿ, ಕೈಫೋನಿಗೆ ಬಂದ ಸಂದೇಶವಾಗಲಿ, ಮನೆಯ ಮಕ್ಕಳೊಡನೆ ಮೂರು ಪ್ರಶ್ನೆ ಕೇಳಿರಿ: ಏನನ್ನು ಮುಂದಿಟ್ಟಿದೆ? ಏನನ್ನು ಧ್ವನಿಸುತ್ತದೆ? ನಮ್ಮ ನೆಲೆಯಲ್ಲಿ ಅದರ ಅರ್ಥವೇನು? ನಮ್ಮ ಜಗುಲಿಯಲ್ಲಿ ಈಗ ಕೊನೆಯ ಸಾಲನ್ನೇ ಮೊದಲು ಓದುತ್ತೇವೆ. ಆ ರೈತರು ಎದುರಿಗೆ ಕುಳಿತು ಕೇಳುತ್ತಾರೆ.