ತಣ್ಣನೆಯ ಎಂಜಿನ್ ಹೇಳುವ ಗುಟ್ಟು

ಬೆಳಿಗ್ಗೆ ಹಳೆಯ ಅಂಬಾಸಿಡರ್ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿನಿಂದ ‘ಟಿಕ್ ಟಿಕ್’ ಸದ್ದು. ಸ್ವಲ್ಪ ದೂರ ಓಡಿಸಿದರೆ ಅದು ತಾನೇ ಅಡಗುತ್ತದೆ. ಮಾಲೀಕರಿಗೆ ಸಮಾಧಾನ. ಅನುಭವಸ್ಥ ಮೇಸ್ತ್ರಿ ಮಾತ್ರ ಒಪ್ಪುವುದಿಲ್ಲ. “ಸರಿಹೋಗಿಲ್ಲ ಸಾರ್, ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಕೊಂಡಿದೆ ಅಷ್ಟೆ. ಗಾಡಿ ರಾತ್ರಿ ಇಲ್ಲೇ ಇರ್ಲಿ, ಬೆಳಿಗ್ಗೆ ನೋಡೋಣ” ಎನ್ನುತ್ತಾರೆ.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ಆ ತಯಾರಿಕೆ ನಿಂತಿತು. ಇಂದು ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೋ ಶಿವಾಜಿನಗರದ ಗುಜರಿಯನ್ನೋ ಸುತ್ತಬೇಕು. ಹಾಗಾಗಿ ಇರುವುದನ್ನೇ ಉಳಿಸಿಕೊಳ್ಳಬಲ್ಲ ಕೈಗಳಿಗೆ ಬೆಲೆ ಹೆಚ್ಚು.

ಆ ‘ಟಿಕ್ ಟಿಕ್’ ಸಂದಿನಿಂದ ಹೊಗೆ ಸೋರುವ ಸದ್ದು. ಸೋರುವ ಜಾಗವನ್ನು ಮೊದಲು ಹುಡುಕುವುದು ಕಣ್ಣು. ಎಂಜಿನ್ನಿನ ಹೊಗೆಯನ್ನು ಪೈಪಿಗೆ ಸಾಗಿಸುವ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಕಡೆ ಕಾಡಿಗೆ ಬಳಿದಂಥ ಕಪ್ಪು ಗೆರೆ ಕಂಡರೆ ಸುಳಿವು ಸಿಕ್ಕಂತೆ. ಎಂಜಿನ್ ಕಾಯುವ ಮುನ್ನವೇ ಅಂಗೈಯನ್ನು ಮುಟ್ಟದಷ್ಟು ಹತ್ತಿರ ಹಿಡಿದರೆ, ಉಸಿರಿನಂತೆ ಬಿಟ್ಟುಬಿಟ್ಟು ಗಾಳಿ ತಾಗುತ್ತದೆ. ಗ್ಯಾರೇಜಿನ ಹುಡುಗ ಹಿಂಬದಿಯ ಪೈಪಿಗೆ ಒದ್ದೆ ಬಟ್ಟೆಯನ್ನು ಒಂದೆರಡು ಕ್ಷಣ ಒತ್ತಿ ಹಿಡಿದರೆ, ಸೋರುವ ಕಡೆ ‘ಸುಸ್’ ಎಂದು ಜೋರಾಗುತ್ತದೆ.

ಇದು ಬರೀ ಸದ್ದಿನ ಕಿರಿಕಿರಿಯಲ್ಲ. ಈ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹಳೆಯ ಗಾಡಿಯ ನೆಲದ ತಗಡಿನಲ್ಲಿ ತೂತಿದ್ದರೆ, ಅದು ನೇರ ಸೀಟಿನವರೆಗೂ ಬರುತ್ತದೆ.

ಹೊಗೆ ಸೈಲೆನ್ಸರ್ ಕಡೆಯೂ ಸೋರಬಹುದು. ಅದನ್ನು ತಿನ್ನುವ ತುಕ್ಕು ಹೆಚ್ಚಾಗಿ ಹುಟ್ಟುವುದು ಒಳಗಿನಿಂದಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಅಂಗಡಿಗೆ, ದೇವಸ್ಥಾನಕ್ಕೆ ಎಂದು ಅರ್ಧ ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಪೈಪು ಕಾಯುವುದಿಲ್ಲ. ನೀರು ಒಳಗೇ ಉಳಿಯುತ್ತದೆ. ತಗಡಿಗೆ ತೂತು ಬಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ, ಗಟ್ಟಿ ಲೋಹ ಸಿಕ್ಕ ಕಡೆ ಹೊಸ ತುಂಡನ್ನು ವೆಲ್ಡ್ ಮಾಡಬೇಕು. ಮೇಲೆ ಪೇಸ್ಟ್ ಮೆತ್ತಿದರೆ ಹೆಚ್ಚು ದಿನ ನಿಲ್ಲದು.

ಸೋರುವುದು ಮ್ಯಾನಿಫೋಲ್ಡಿನಲ್ಲಾದರೆ ಅದನ್ನು ಬಿಚ್ಚುವ ಕೆಲಸಕ್ಕೆ ತಾಳ್ಮೆ ಬೇಕು. ವರ್ಷಗಟ್ಟಲೆ ಕಾದು ತಣಿದ ನಟ್ಟು ತುಕ್ಕು ಹಿಡಿದು ಕೂತಿರುತ್ತದೆ. ಬಲವಾಗಿ ತಿರುಗಿಸಿದರೆ ಸ್ಟಡ್ಡೇ ಮುರಿಯುತ್ತದೆ. ಮೇಸ್ತ್ರಿ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಪಾನಾ ಹಾಕಿ ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಆಡಿಸುತ್ತಾರೆ. ಸಂದು ಮುಚ್ಚಲು ನಡುವೆ ಇಟ್ಟ ಹಳೆಯ ಗ್ಯಾಸ್ಕೆಟ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ, ಪುಡಿ ಉಸಿರಿಗೆ ಹೋಗದಂತೆ ಅದನ್ನು ಒದ್ದೆ ಮಾಡಿಯೇ ಕೆರೆಯಬೇಕು. ಆಮೇಲೆ ಉಕ್ಕಿನ ಪಟ್ಟಿ ಇಟ್ಟು ಮ್ಯಾನಿಫೋಲ್ಡ್ ಸೊಟ್ಟಗಾಗಿದೆಯೇ ಎಂದು ನೋಡಿ, ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾರೆ.

ಇಷ್ಟಕ್ಕೇ ನಿಲ್ಲಿಸುವವರೂ ಉಂಟು. ಒಳ್ಳೆಯ ಮೇಸ್ತ್ರಿ ಗಾಡಿಯಡಿ ಇನ್ನೊಮ್ಮೆ ಮಲಗುತ್ತಾರೆ. ಪೈಪಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಬಾಡಿಗೆ ಕಟ್ಟಿದೆ. ಎಂಜಿನ್ ಮೌಂಟಿಂಗಿನ ರಬ್ಬರ್ ಸತ್ತಿದ್ದರೆ ಎಂಜಿನ್ ಅಲುಗಾಡಿದಾಗಲೆಲ್ಲ ಪೈಪು ಎಳೆದಾಡುತ್ತದೆ, ಹೊಸ ಜೋಡಣೆಯೂ ಸಡಿಲವಾಗುತ್ತದೆ. ಸೋರಿದ ಜಾಗ ಒಂದು, ಕಾಯಿಲೆಯ ಬೇರು ಇನ್ನೊಂದು. ಅದನ್ನು ಹುಡುಕುವುದೇ ಈ ಕಸುಬಿನ ಹೆಚ್ಚುಗಾರಿಕೆ.

ಕೆಲಸ ಮುಗಿದ ಮೇಲೂ ಗಾಡಿ ಒಂದು ರಾತ್ರಿ ಗ್ಯಾರೇಜಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ತಣ್ಣಗಾದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಸ್ಟಾರ್ಟ್ ಮಾಡಿ, ಮೇಸ್ತ್ರಿ ಬಾನೆಟ್ಟಿಗೆ ತಲೆ ಬಗ್ಗಿಸಿ ಕಿವಿಗೊಡುತ್ತಾರೆ. ‘ಟಿಕ್ ಟಿಕ್’ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬನಿಯನ್ ವೇಸ್ಟಿಗೆ ಕೈ ಒರೆಸಿ ಕೀಲಿ ಕೊಡುವುದು.