ದೇಹದಾರ್ಢ್ಯದ ಮೊದಲ ಸ್ಪರ್ಧೆಗೆ ಮುನ್ನ

1901ನೆಯ ಇಸವಿಯ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸಹಸ್ರಾರು ಜನ ನೆರೆದಿದ್ದರು. ಮನುಷ್ಯದೇಹದ ಸೌಷ್ಠವವನ್ನು ಪರೀಕ್ಷಿಸಿ ಬಹುಮಾನ ಕೊಡುವ ಸ್ಪರ್ಧೆಯೊಂದನ್ನು ಅಂದಿನ ಪ್ರಖ್ಯಾತ ಬಲಶಾಲಿ ಯೂಜೆನ್ ಸ್ಯಾಂಡೋ ಅಲ್ಲಿ ಏರ್ಪಡಿಸಿದ್ದನು. ತೀರ್ಪುಗಾರರು ಮೂವರು: ಸ್ಯಾಂಡೋ, ಶಿಲ್ಪಿ ಚಾರ್ಲ್ಸ್ ಲಾಸ್, ಮತ್ತು ವೈದ್ಯನೂ ಷರ್ಲಾಕ್ ಹೋಮ್ಸನ ಸೃಷ್ಟಿಕರ್ತನೂ ಆದ ಆರ್ಥರ್ ಕಾನನ್ ಡಾಯ್ಲ್. ನಾಟಿಂಗ್‌ಹ್ಯಾಮಿನ ವಿಲಿಯಂ ಮರೆ ಎಂಬಾತನಿಗೆ ಮೊದಲ ಬಹುಮಾನ ದೊರೆಯಿತು. ನಮ್ಮ ಗಮನಕ್ಕೆ ಬರಬೇಕಾದುದು ಗೆದ್ದವನ ಹೆಸರಲ್ಲ, ತೀರ್ಪಿಗೆ ಹಾಕಿಕೊಂಡ ಅಳತೆಗೋಲುಗಳು. ಸ್ನಾಯುಗಳ ಬೆಳವಣಿಗೆ, ಅಂಗಾಂಗಗಳ ಸಮತೋಲ, ಮೈಯ ಬಿಗಿ, ಚರ್ಮದ ಸ್ಥಿತಿ ಇವುಗಳೊಡನೆ ಸ್ಪರ್ಧಿಯ ಆರೋಗ್ಯವೂ ಅಲ್ಲಿ ಒಂದು ಅಳತೆಗೋಲಾಗಿತ್ತು.

ಈಗಿನ ವೇದಿಕೆಗಳಲ್ಲಿ ಅಂಕ ಕೊಡುವುದು ಕಣ್ಣಿಗೆ ಕಾಣುವುದಕ್ಕೆ ಮಾತ್ರ. ನಾಡಿ ಹಿಡಿದು ನೋಡುವವರಿಲ್ಲ. ಆದುದರಿಂದಲೇ, ಹೊರಗಿನಿಂದ ಅತ್ಯಂತ ಪುಷ್ಟನಾಗಿ ಕಾಣುವ ದಿನವೇ ಒಳಗಿನಿಂದ ಅತ್ಯಂತ ಕೃಶವಾದ ದಿನವೂ ಆಗಿರುವ ವಿಚಿತ್ರ ಸನ್ನಿವೇಶ ಒದಗುತ್ತದೆ. ಮೊದಲ ಬಾರಿಗೆ ಸ್ಪರ್ಧೆಗಿಳಿಯುವ ತರುಣನು ಇದನ್ನು ಪುಸ್ತಕದಿಂದ ತಿಳಿಯುವುದಿಲ್ಲ. ಕೊನೆಯ ಮೂರು ನಾಲ್ಕು ತಿಂಗಳಲ್ಲಿ ತನ್ನ ಮೈಯಿಂದಲೇ ತಿಳಿಯುತ್ತಾನೆ. ಹಾಗೆ ತಿಳಿಯುವಾಗ ದೇಹದೊಳಗೆ ನಡೆಯುವುದಾದರೂ ಏನು?

ಅವನಿಗೆ ಎದುರಾಗುವ ಮೊದಲ ಅಚ್ಚರಿಯೆಂದರೆ, ಸಿದ್ಧತೆಯ ಈ ಅವಧಿಯಲ್ಲಿ ಸ್ನಾಯುಗಳು ಬಹುಮಟ್ಟಿಗೆ ಬೆಳೆಯುವುದೇ ಇಲ್ಲ ಎಂಬುದು. ಇದ್ದುದನ್ನು ಉಳಿಸಿಕೊಂಡರೆ ಸಾಕಾಗುತ್ತದೆ. ಭಾರವೆತ್ತುವ ಅಭ್ಯಾಸವನ್ನು ಹೊಸದಾಗಿ ಆರಂಭಿಸಿದವನ ಶಕ್ತಿ ಮೊದಲ ಕೆಲವು ವಾರಗಳಲ್ಲಿ ಬೇಗಬೇಗ ಹೆಚ್ಚುವುದುಂಟು. ಆದರೆ ಅದು ಪ್ರಧಾನವಾಗಿ ನರಗಳ ಕಲಿಕೆ. ಇರುವ ಸ್ನಾಯುತಂತುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಒಮ್ಮೆಗೇ ದುಡಿಸಲು ಮಿದುಳು ಕಲಿತುಕೊಳ್ಳುತ್ತದೆ. ಸ್ನಾಯು ದಪ್ಪವಾಗುವುದು ಆ ಬಳಿಕ, ಬಹು ಮೆಲ್ಲಗೆ. ಆಗಲೂ ತಂತುಗಳ ಸಂಖ್ಯೆ ಹೆಚ್ಚುವುದೆಂಬುದಕ್ಕಿಂತ, ಒಂದೊಂದು ತಂತುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನುಗಳ ಎಳೆಗಳು ಹೆಚ್ಚಿ ಅದು ದಪ್ಪವಾಗುತ್ತದೆ ಎಂಬುದೇ ಸರಿ. ತಂತುವಿನ ಪಕ್ಕದಲ್ಲಿ ಸುಪ್ತವಾಗಿರುವ ಉಪಕೋಶಗಳು ಎಚ್ಚೆತ್ತು ತಮ್ಮ ಕೋಶಕೇಂದ್ರಗಳನ್ನು ಅದಕ್ಕೆ ದಾನ ಮಾಡುತ್ತವೆ. ಇದೆಲ್ಲ ವರ್ಷಗಳ ಕೆಲಸ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಸೂರ್ಯನಮಸ್ಕಾರವನ್ನೂ ಭಾರದ ಕಬ್ಬಿಣವನ್ನೂ ಜೊತೆಗೂಡಿಸಿ ಕಲಿಸಿದುದು ಇಂಥ ದೀರ್ಘ ಸಾಧನೆಯನ್ನೇ. 1952ರಲ್ಲಿ ಲಂಡನ್ನಿನಲ್ಲಿ ‘ಮಿಸ್ಟರ್ ಯೂನಿವರ್ಸ್’ ಪ್ರಶಸ್ತಿ ಗಳಿಸಿದ ಬಂಗಾಳದ ಮನೋಹರ ಐಚ್ ಅವರ ಎತ್ತರ ಐದು ಅಡಿಗೂ ಕಡಮೆ. ಅವರ ಸಾಧನೆಯ ಒಂದು ಭಾಗ ಸೆರೆಮನೆಯಲ್ಲಿ ನಡೆಯಿತು. 2016ರಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರನ್ನು ದಾಟಿತ್ತು.

ಸ್ನಾಯು ಉಳಿಯಬೇಕಾದರೆ ಎರಡು ವಿಷಯಗಳು ಅಗತ್ಯ. ಊಟ ಕಡಮೆಯಾದಾಗಲೂ ಭಾರವೆತ್ತುವುದನ್ನು ಬಿಡಬಾರದು. ಪ್ರೋಟೀನು ಸಾಕಷ್ಟು ದೊರೆಯಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಮಿನಿಂದ 2.2 ಗ್ರಾಮಿನವರೆಗೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. 70 ಕಿಲೋ ತೂಗುವವನಿಗೆ 112 ಗ್ರಾಮಾದರೂ ಬೇಕಾಯಿತು. ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಮು. ನೂರು ಗ್ರಾಮು ತೊಗರಿಬೇಳೆಯಲ್ಲಿ 22ರಷ್ಟು. ಅಷ್ಟೇ ರಾಗಿಯಲ್ಲಿ 7ರಷ್ಟು. ಮುದ್ದೆ ಸಾರು ಉಣ್ಣುವ ಮನೆಯಲ್ಲಿಯೂ ಇದನ್ನು ಹೊಂದಿಸಬಹುದು. ಬೇಳೆ, ಕಾಳು, ಹಾಲು, ಮೊಟ್ಟೆಗಳ ಪಾಲನ್ನು ಹೆಚ್ಚಿಸಿಕೊಳ್ಳಬೇಕು, ಅಷ್ಟೆ. ಡಬ್ಬಿಯಲ್ಲಿ ಮಾರುವ ಪುಡಿಗೆ ಮಂತ್ರಶಕ್ತಿಯೇನೂ ಇಲ್ಲ. ಅದು ಹಾಲಿನ ಪ್ರೋಟೀನಿನ ದುಬಾರಿ ರೂಪ ಮಾತ್ರ.

ಇನ್ನು ಕೊಬ್ಬಿನ ವಿಚಾರ. ವೇದಿಕೆಯ ಮೇಲೆ ಸ್ನಾಯುಗಳ ಗೆರೆಗಳು ಎದ್ದು ಕಾಣಬೇಕಾದರೆ ಅವುಗಳ ಮೇಲಿನ ಕೊಬ್ಬಿನ ಪದರ ತೆಳ್ಳಗಾಗಬೇಕು. 70 ಕಿಲೋ ತೂಗುವ ಒಬ್ಬ ವಿದ್ಯಾರ್ಥಿಯ ಮೈಯಲ್ಲಿ ಶೇಕಡಾ 16ರಷ್ಟು ಕೊಬ್ಬಿದೆಯೆಂದು ಇಟ್ಟುಕೊಳ್ಳೋಣ. ಅಂದರೆ 11.2 ಕಿಲೋ. ಉಳಿದ 58.8 ಕಿಲೋ ಒಂದಿಷ್ಟೂ ಕುಂದದಂತೆ ಕೊಬ್ಬನ್ನು ಶೇಕಡಾ 6ಕ್ಕೆ ಇಳಿಸಬೇಕಾದರೆ ಅವನು ಸುಮಾರು ಏಳೂವರೆ ಕಿಲೋ ಕೊಬ್ಬನ್ನು ಕಳೆದುಕೊಳ್ಳಬೇಕು. ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಅಡಗಿರುವ ಶಕ್ತಿ ಸುಮಾರು 7700 ಕಿಲೊಕ್ಯಾಲೊರಿ. ದಿನಕ್ಕೆ 500 ಕಿಲೊಕ್ಯಾಲೊರಿ ಕಡಮೆ ಉಂಡರೆ ಈ ಕೊಬ್ಬು ಕರಗಲು ಹದಿನಾರು ವಾರಗಳು ಹಿಡಿಯುತ್ತವೆ. ಕಾಗದದ ಮೇಲಿನ ಈ ಲೆಕ್ಕಕ್ಕಿಂತ ದೇಹವು ನಿಧಾನಿ. ಏಕೆಂಬುದನ್ನು ಮುಂದೆ ನೋಡುತ್ತೇವೆ. ಎಂಟು ವಾರಗಳಲ್ಲಿ ಮುಗಿಸಿಬಿಡುತ್ತೇನೆಂದು ಹೊರಟವನು ಕೊಬ್ಬಿನೊಡನೆ ಸ್ನಾಯುವನ್ನೂ ಕರಗಿಸಿಕೊಳ್ಳುತ್ತಾನೆ. ವಾರಕ್ಕೆ ಮೈತೂಕದ ಶೇಕಡಾ ಅರ್ಧದಿಂದ ಒಂದರಷ್ಟು ಇಳಿದರೆ ಸಾಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿಯುತ್ತದೆಂದು ಗರಡಿಗಳಲ್ಲಿ ಅನೇಕರು ನಂಬುತ್ತಾರೆ. ರಬ್ಬರಿನ ಅಂಗಿ ತೊಟ್ಟು ಬಿಸಿಲಿನಲ್ಲಿ ಓಡುವವರನ್ನು ನೀವೂ ಕಂಡಿರಬಹುದು. ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಇದರ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದರು. 10 ಕಿಲೋ ಕೊಬ್ಬು ಪೂರ್ಣವಾಗಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲಾಮ್ಲ ಅನಿಲವಾಗಿ ಶ್ವಾಸಕೋಶಗಳ ಮೂಲಕ ಹೊರಬೀಳುತ್ತದೆ, ಮಿಕ್ಕ 1.6 ಕಿಲೋ ನೀರಾಗುತ್ತದೆ. ಕೊಬ್ಬನ್ನು ನಾವು ಉಸಿರಾಡಿ ಕಳೆಯುತ್ತೇವೆ! ಬೆವರಿನಿಂದ ಇಳಿದ ತೂಕ ಎರಡು ಚೊಂಬು ನೀರು ಕುಡಿದೊಡನೆ ಮರಳಿ ಬರುತ್ತದೆ. ಹೊಟ್ಟೆಗೆ ವ್ಯಾಯಾಮ ಕೊಟ್ಟರೆ ಹೊಟ್ಟೆಯ ಕೊಬ್ಬೇ ಮೊದಲು ಕರಗುವುದೆಂಬುದೂ ಇಂಥದೇ ನಂಬಿಕೆ. ಕೊಬ್ಬಿನಾಮ್ಲಗಳು ರಕ್ತದ ಮೂಲಕ ಇಡೀ ದೇಹಕ್ಕೆ ಸರಬರಾಜಾಗುತ್ತವೆ. ಯಾವ ಉಗ್ರಾಣವನ್ನು ಮೊದಲು ತೆರೆಯಬೇಕೆಂಬುದು ನಮ್ಮ ಇಚ್ಛೆಗೆ ಬಿಟ್ಟುದಲ್ಲ.

ದೇಹವು ತನ್ನ ಉಗ್ರಾಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞನು ಒಂದು ಪ್ರಯೋಗ ನಡೆಸಿದನು. ಶಸ್ತ್ರ ಹಿಡಿಯಲೊಲ್ಲದ 36 ಮಂದಿ ಆರೋಗ್ಯವಂತ ತರುಣರು ತಾವಾಗಿಯೇ ಅದಕ್ಕೆ ಒಡ್ಡಿಕೊಂಡರು. 24 ವಾರಗಳ ಕಾಲ ಅವರಿಗೆ ಅರೆಹೊಟ್ಟೆಯ ಊಟ. ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ನಾಡಿ ನಿಧಾನವಾಯಿತು, ಬೇಸಗೆಯಲ್ಲಿಯೂ ಚಳಿಯೆನಿಸಿತು, ಕಾಮಾಸಕ್ತಿ ಕುಂದಿತು, ಸಿಡುಕು ಹೆಚ್ಚಿತು. ಹಗಲಿರುಳೂ ಊಟದ್ದೇ ಯೋಚನೆ. ಅಡಿಗೆಯ ಪುಸ್ತಕಗಳನ್ನು ಓದುತ್ತ ಕುಳಿತವರಿದ್ದರು, ತಟ್ಟೆಯನ್ನು ನೆಕ್ಕಿದವರಿದ್ದರು. ಮೊದಲ ಸ್ಪರ್ಧೆಗೆ ಸಿದ್ಧನಾಗುವವನ ಮನೆಯವರು ಈ ವರ್ಣನೆಯನ್ನು ಓದಿದರೆ ಥಟ್ಟನೆ ಗುರುತು ಹಿಡಿಯುತ್ತಾರೆ.

ಇದರ ಕೀಲಿ 1994ರಲ್ಲಿ ಸಿಕ್ಕಿತು. ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕಂಡುಹಿಡಿದ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಉಗ್ರಾಣದಲ್ಲಿ ದಾಸ್ತಾನು ಎಷ್ಟಿದೆಯೆಂಬ ವರದಿಯನ್ನು ಅದು ಮಿದುಳಿಗೆ ಮುಟ್ಟಿಸುತ್ತದೆ. ವರದಿ ಬಡವಾದಾಗ ಮಿದುಳು ಹಸಿವನ್ನು ಕೆರಳಿಸುತ್ತದೆ, ಶಕ್ತಿಯ ವ್ಯಯವನ್ನು ಕಡಿತಗೊಳಿಸುತ್ತದೆ, ಸಂತಾನದಂಥ ‘ಅನಗತ್ಯ’ ಖರ್ಚಿನ ಇಲಾಖೆಗಳನ್ನು ಮುಚ್ಚುತ್ತದೆ. ಸ್ತ್ರೀಸ್ಪರ್ಧಿಗಳಲ್ಲಿ ಮುಟ್ಟು ನಿಲ್ಲುವುದು ಇದರಿಂದಲೇ. ಅದನ್ನು ಕಡೆಗಣಿಸಿದರೆ ಮೂಳೆಗಳು ಸೊರಗುತ್ತವೆ. ಮಾದಕ ಔಷಧಗಳನ್ನು ಮುಟ್ಟದೆ ಸ್ಪರ್ಧೆಗೆ ಸಿದ್ಧನಾದ ಒಬ್ಬ ಪುರುಷನನ್ನು ಹನ್ನೆರಡು ತಿಂಗಳು ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆತನ ಕೊಬ್ಬು ಶೇಕಡಾ 14.8ರಿಂದ 4.5ಕ್ಕೆ ಇಳಿದಾಗ, ನಿಮಿಷಕ್ಕೆ 53 ಸಲ ಬಡಿಯುತ್ತಿದ್ದ ಹೃದಯ 27 ಸಲ ಮಾತ್ರ ಬಡಿಯುತ್ತಿತ್ತು. ರಕ್ತದಲ್ಲಿನ ಟೆಸ್ಟೋಸ್ಟಿರೋನ್ ಕಾಲುಭಾಗಕ್ಕೆ ಇಳಿದಿತ್ತು. ನಿಯಮಬದ್ಧವಾಗಿ ನಡೆದವನ ಸ್ಥಿತಿಯೇ ಇದು.

ದೇಹದ ಈ ಪ್ರತಿಭಟನೆಯನ್ನು ಮುರಿಯಲು ಅಡ್ಡದಾರಿ ಹುಡುಕಿದವರ ಕಥೆ ಬೇರೆ. ಡೈನೈಟ್ರೋಫಿನಾಲ್ ಎಂಬ ಹಳದಿ ಪುಡಿಯನ್ನು ಒಂದನೆಯ ಮಹಾಯುದ್ಧದಲ್ಲಿ ಸಿಡಿಮದ್ದಿನ ತಯಾರಿಕೆಗೆ ಬಳಸುತ್ತಿದ್ದರು. ಅದನ್ನು ಮುಟ್ಟಿ ದುಡಿದ ಕಾರ್ಮಿಕರು ಬೆವತು, ಜ್ವರ ಬಂದವರಂತೆ ಬೆಂದು, ಸೊರಗಿದರು. 1930ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನೇ ತೂಕ ಇಳಿಸುವ ಮದ್ದಾಗಿ ಮಾರಿದರು. ಕಣ್ಣಿನ ಪೊರೆ, ಸಾವುಗಳ ವರದಿ ಬಂದ ಮೇಲೆ 1938ರಲ್ಲಿ ನಿಷೇಧಿಸಿದರು. ನಮ್ಮ ಕೋಶಗಳ ಮೈಟೋಕಾಂಡ್ರಿಯಗಳು ಆಹಾರವನ್ನು ಉರಿಸಿ ಬಂದ ಶಕ್ತಿಯನ್ನು ಎಟಿಪಿ ಎಂಬ ರಾಸಾಯನಿಕ ನಾಣ್ಯವಾಗಿ ಟಂಕಿಸುತ್ತವೆ. ಈ ವಿಷವು ಆ ಟಂಕಸಾಲೆಯ ಪಟ್ಟಿಯನ್ನೇ ಕಳಚಿಬಿಡುತ್ತದೆ. ಯಂತ್ರ ತಿರುಗುತ್ತದೆ, ನಾಣ್ಯ ಹೊರಬರುವುದಿಲ್ಲ, ಶಕ್ತಿಯೆಲ್ಲ ಬರಿಯ ಶಾಖವಾಗುತ್ತದೆ. ದೇಹದೊಳಗೆ ಹೊತ್ತಿದ ಈ ಬೆಂಕಿಯನ್ನು ಆರಿಸುವ ಪ್ರತಿವಿಷ ಇಲ್ಲ. ಆದರೂ ಅಂತರ್ಜಾಲದಲ್ಲಿ ಇದನ್ನು ಕಳ್ಳತನದಿಂದ ಮಾರುವವರು ಇಂದಿಗೂ ಇದ್ದಾರೆ, ಕೊಂಡು ಸತ್ತ ಎಳೆಯರೂ ಇದ್ದಾರೆ. ಸ್ನಾಯುವರ್ಧಕ ಸ್ಟಿರಾಯ್ಡುಗಳು ಇಷ್ಟು ಬೇಗ ಕೊಲ್ಲುವುದಿಲ್ಲ. ಅವು ಹೃದಯದ ಗೋಡೆಯನ್ನು ದಪ್ಪವಾಗಿಸುತ್ತವೆ, ವೃಷಣಗಳನ್ನು ಕುಗ್ಗಿಸುತ್ತವೆ, ನುಂಗುವ ಬಗೆಯವು ಯಕೃತ್ತನ್ನು ಕೆಡಿಸುತ್ತವೆ. ಇನ್ನೂ ಬೆಳೆಯುತ್ತಿರುವ ಹುಡುಗನಲ್ಲಿ ಮೂಳೆಗಳ ತುದಿಗಳು ಬೇಗನೆ ಬೆಸೆದುಕೊಂಡು ಎತ್ತರವೇ ನಿಂತುಹೋಗುತ್ತದೆ.

ಸ್ಪರ್ಧೆಗೆ ಒಂದು ವಾರ ಉಳಿದಾಗ ಹೊಸಬನ ಬುದ್ಧಿ ಮಂಕಾಗುವುದುಂಟು. ತಿಂಗಳುಗಟ್ಟಲೆ ಪಟ್ಟ ಶ್ರಮ ಸಾಲದೆಂದು ತೋರಿ, ಚರ್ಮದಡಿಯ ನೀರನ್ನು ತೆಗೆದರೆ ಗೆರೆಗಳು ಇನ್ನಷ್ಟು ಕಂಡಾವೆಂಬ ಆಸೆ ಹುಟ್ಟುತ್ತದೆ. ನೀರು ಬಿಡುವುದು, ಉಪ್ಪು ಬಿಡುವುದು, ಕೊನೆಗೆ ಮೂತ್ರವರ್ಧಕ ಮಾತ್ರೆ. ಆದರೆ ಚರ್ಮದಡಿಯ ನೀರನ್ನು ಮಾತ್ರ ಆರಿಸಿ ತೆಗೆಯುವ ಉಪಾಯ ಯಾವುದೂ ಇಲ್ಲ. ಸ್ನಾಯುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅದು ಇಳಿದರೆ ತುಂಬಿದ ತೋಳು ಜೋಲುತ್ತದೆ, ರಕ್ತದ ಪ್ರಮಾಣ ಕುಗ್ಗಿ ನರಗಳೂ ಕಾಣದಂತಾಗುತ್ತವೆ. ಉಪ್ಪು ನಿಂತರೆ ಮೂತ್ರಪಿಂಡಗಳು ಆಲ್ಡೋಸ್ಟಿರೋನ್ ಎಂಬ ಹಾರ್ಮೋನಿನ ಆಜ್ಞೆಯಂತೆ ಇದ್ದ ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತವೆ. ಮೂತ್ರವರ್ಧಕಗಳಲ್ಲಿ ಕೆಲವು ರಕ್ತದ ಪೊಟ್ಯಾಸಿಯಮ್ಮನ್ನು ತೀರ ಇಳಿಸುತ್ತವೆ, ಬೇರೆ ಕೆಲವು ತೀರ ಏರಿಸುತ್ತವೆ. ಹೃದಯದ ಲಯ ನಿಂತಿರುವುದೇ ಆ ಲವಣದ ಸಮತೋಲದ ಮೇಲೆ. 1992ರಲ್ಲಿ ಹಾಲೆಂಡಿನಲ್ಲಿ ಸ್ಪರ್ಧೆಯೊಂದನ್ನು ಗೆದ್ದ ಅಲ್ಜೀರಿಯ ಮೂಲದ ಮೊಹಮದ್ ಬೆನಜೀಜಾ ಕೆಲವೇ ಗಂಟೆಗಳಲ್ಲಿ ಹೃದಯ ನಿಂತು ತೀರಿಕೊಂಡನು. ಮೂತ್ರವರ್ಧಕಗಳಿಂದ ಮೈ ಒಣಗಿದುದೇ ಕಾರಣವೆಂದು ಹೇಳಲಾಯಿತು.

ಕೊನೆಯ ವಾರದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಕ್ರಮವಿದೆ. ಅದು ನೀರನ್ನು ಕಳೆಯುವುದಲ್ಲ, ಸ್ನಾಯುವಿನೊಳಕ್ಕೆ ಸೇರಿಸುವುದು! 1966ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರಮ್ ಮತ್ತು ಹುಲ್ಟ್‌ಮನ್ ಎಂಬ ವೈದ್ಯರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗಳಲ್ಲಿ ಕುಳಿತು ಒಬ್ಬೊಬ್ಬರೂ ಒಂದೊಂದು ಕಾಲಿನಿಂದ ಮಾತ್ರ ದಣಿಯುವವರೆಗೆ ತುಳಿದರು. ಮತ್ತೊಂದು ಕಾಲಿಗೆ ವಿಶ್ರಾಂತಿ. ಅನಂತರ ಮೂರು ದಿನ ಪಿಷ್ಟದ ಆಹಾರವನ್ನು ಹೇರಳವಾಗಿ ಉಂಡು, ಎರಡೂ ತೊಡೆಗಳಿಂದ ಸೂಜಿಯಲ್ಲಿ ಸ್ನಾಯುವಿನ ಚೂರುಗಳನ್ನು ತೆಗೆದು ಪರೀಕ್ಷಿಸಿದರು. ದುಡಿದ ಕಾಲಿನಲ್ಲಿ ಗ್ಲೈಕೊಜನ್ ಎಂಬ ಪಿಷ್ಟದ ದಾಸ್ತಾನು ದುಡಿಯದ ಕಾಲಿನದಕ್ಕಿಂತ ಸುಮಾರು ಎರಡರಷ್ಟಾಗಿತ್ತು. ಒಂದೊಂದು ಗ್ರಾಮು ಗ್ಲೈಕೊಜನ್ ಸುಮಾರು ಮೂರು ಗ್ರಾಮು ನೀರನ್ನು ತನ್ನೊಡನೆ ಹಿಡಿದಿಡುತ್ತದೆ. ಆದುದರಿಂದ ಸ್ಪರ್ಧೆಯ ಹಿಂದಿನ ಒಂದೆರಡು ದಿನ ಅನ್ನ, ಗೆಣಸುಗಳನ್ನು ತುಸು ಹೆಚ್ಚಾಗಿ ಉಂಡು, ಎಂದಿನಂತೆ ನೀರು ಕುಡಿದವನ ಸ್ನಾಯುಗಳು ತುಂಬಿಕೊಂಡು ಕಾಣುತ್ತವೆ. ಇದನ್ನೂ ಒಮ್ಮೆ ಮುಂಚಿತವಾಗಿ ಪರೀಕ್ಷಿಸಿ ನೋಡಿಕೊಂಡಿರಬೇಕು; ರೂಢಿಯಿಲ್ಲದ ಊಟದಿಂದ ಹೊಟ್ಟೆಯುಬ್ಬರವಾದರೆ ವೇದಿಕೆಯ ಮೇಲೆ ಅದನ್ನು ಮರೆಮಾಡಲಾಗದು.

ಭಂಗಿಗಳ ಅಭ್ಯಾಸವನ್ನು ಹೊಸಬರು ಅಲಕ್ಷಿಸುವುದು ನನಗೆ ಸೋಜಿಗವೆನಿಸುತ್ತದೆ. ಇಡೀ ಮೈಯನ್ನು ಬಿಗಿಹಿಡಿದು, ಮುಖದಲ್ಲಿ ನಗೆಯನ್ನಿಟ್ಟುಕೊಂಡು ನಿಲ್ಲುವುದು ಭಾರವೆತ್ತುವುದಕ್ಕಿಂತ ಹಗುರವಲ್ಲ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕುತ್ತದೆ. ಆಮ್ಲಜನಕ ಸಾಲದೆ ಅರ್ಧ ನಿಮಿಷದಲ್ಲಿ ತೊಡೆ ನಡುಗುತ್ತದೆ. ಉಸಿರು ಕಟ್ಟಿದರೆ ರಕ್ತದೊತ್ತಡ ಏರಿ ತಲೆ ಸುತ್ತುತ್ತದೆ. ಉಸಿರಾಡುತ್ತಲೇ ಬಿಗಿಯುವುದನ್ನು ದಿನಕ್ಕೆ ಹತ್ತು ನಿಮಿಷದಂತೆ ತಿಂಗಳುಗಟ್ಟಲೆ ಕಲಿಯಬೇಕಾಗುತ್ತದೆ.

ಬಹುಮಾನ ಬಂದರೂ ಬಾರದಿದ್ದರೂ ಮರುದಿನ ಹಸಿವು ಕಾದಿರುತ್ತದೆ. ಮಿನೆಸೋಟದ ತರುಣರಿಗೆ ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಹೊಟ್ಟೆ ಬಿರಿಯುವಂತೆ ಉಂಡರೂ ತೃಪ್ತಿಯಾಗಲಿಲ್ಲ. ಸ್ನಾಯು ಹಿಂದಿರುಗುವುದಕ್ಕೆ ಮೊದಲು ಕೊಬ್ಬು ಹಿಂದಿರುಗಿತು, ಮೊದಲಿದ್ದುದಕ್ಕಿಂತ ಹೆಚ್ಚಾಗಿಯೇ. ಸಿದ್ಧತೆಗೆ ಹದಿನಾರು ವಾರಗಳ ಯೋಜನೆಯನ್ನು ಬರೆದಿಡುವವನು ಊಟವನ್ನು ಮೆಲ್ಲಮೆಲ್ಲನೆ ಏರಿಸುವ ಇಳಿದಾರಿಯ ಯೋಜನೆಯನ್ನೂ ಅದರೊಡನೆಯೇ ಬರೆದಿಡುವುದು ಲೇಸು. 2013ರ ಅಧ್ಯಯನದ ಸ್ಪರ್ಧಿಯ ನಾಡಿ ಒಂದು ತಿಂಗಳಲ್ಲಿ 46ಕ್ಕೆ ಏರಿತು. ಹಾರ್ಮೋನೂ ಮೊದಲಿನ ಮಟ್ಟಕ್ಕೆ ಬಂದಿತು. ಸಿದ್ಧತೆಯ ಕಾಲದಲ್ಲಿ ಕುಂದಿದ ಬಲ ಮಾತ್ರ ಆರು ತಿಂಗಳು ಕಳೆದರೂ ಪೂರ್ತಿಯಾಗಿ ಮರಳಿರಲಿಲ್ಲ.